ಒಂದು ಪೌಂಡ್ ಅಕ್ಕಿ, 1,600 ಕ್ಯಾಲೊರಿ: ನಿಂತುಹೋದ ತೂಕದ ಹಳೇ ಕಥೆ

ವೈಜಾಗ್‌ನಿಂದ ವಿಜಯವಾಡ ಕಡೆಗೆ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿದವರಿಗೆ ಅನಕಾಪಲ್ಲಿ ಗೊತ್ತಿರುತ್ತೆ. ದೇಶದ ದೊಡ್ಡ ಬೆಲ್ಲದ ಮಾರುಕಟ್ಟೆಗಳಲ್ಲಿ ಅದೂ ಒಂದು. ಈ ಬೆಲ್ಲದ ಸೀಮೆಯಲ್ಲಿ ಕೂತು ನಮ್ಮ ಕನ್ನಡದ ಹುಡುಗ್ರು ಹುಡುಗೀರು ಬೆಲ್ಲ ಬಿಟ್ಟಿದ್ದಾರೆ, ಅನ್ನ ಬಿಟ್ಟಿದ್ದಾರೆ, ದಿನಕ್ಕೆ 1,200 ಕ್ಯಾಲೊರಿ ಅಂತ ಆ್ಯಪ್‌ನಲ್ಲಿ ಬರ್ಕೊಂಡು ಕೂತಿದ್ದಾರೆ. ಮೊದಲೆರಡು ತಿಂಗಳು ತೂಕ ಇಳಿಯುತ್ತೆ. ಆಮೇಲೆ ಮುಳ್ಳು ಅಲ್ಲಾಡಲ್ಲ. ಆಗ ಜಿಮ್‌ನಲ್ಲಿ ಯಾರೋ ಹೇಳ್ತಾರೆ: "ಜಾಸ್ತಿ ತಿನ್ನಿ, ತೂಕ ಇಳಿಯುತ್ತೆ." ಇದು ನಿಜಾನಾ? ಇದಕ್ಕೆ ಉತ್ತರ ಹುಡುಕ್ತಾ ಹೋದರೆ ನಾವು 1877ಕ್ಕೆ ಹೋಗಿ ನಿಲ್ತೀವಿ.

ಆಗ ಅನಕಾಪಲ್ಲಿಯೂ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತ್ತು, ನಮ್ಮ ಬಳ್ಳಾರಿಯೂ ಅದಕ್ಕೇ ಸೇರಿತ್ತು. 1876ರಲ್ಲಿ ಮಳೆ ಕೈಕೊಟ್ಟಿತು. ಹಳಬರು ಇದನ್ನ ಧಾತು ಈಶ್ವರ ಬರ ಅಂತಿದ್ದರು, ಆ ಎರಡು ಸಂವತ್ಸರಗಳ ಹೆಸರಲ್ಲಿ. ಬಳ್ಳಾರಿ ಸೀಮೆ, ಮೈಸೂರು ಸಂಸ್ಥಾನ, ಮುಂಬೈ ಪ್ರಾಂತ್ಯದ ಕನ್ನಡ ಜಿಲ್ಲೆಗಳು ಎಲ್ಲವೂ ಸಿಕ್ಕಿಹಾಕಿಕೊಂಡವು. ಮೈಸೂರು ಸಂಸ್ಥಾನದ ಜನಗಣತಿ ನೋಡಿ: 1871ರಲ್ಲಿ ಸುಮಾರು 50.5 ಲಕ್ಷ, 1881ರಲ್ಲಿ ಸುಮಾರು 41.9 ಲಕ್ಷ. ಹತ್ತು ವರ್ಷದಲ್ಲಿ ಹೆಚ್ಚಬೇಕಿದ್ದ ಜನಸಂಖ್ಯೆ ಎಂಟೂವರೆ ಲಕ್ಷಕ್ಕಿಂತ ಹೆಚ್ಚು ಕುಗ್ಗಿತು. ನೀವು ಊರಿಗೆ ಹೋಗುವಾಗ ಓಡಾಡೋ ಬೆಂಗಳೂರು–ಮೈಸೂರು ರೈಲು ದಾರಿ ಇದೆಯಲ್ಲ, ಅದರ ಕೆಲಸ ಶುರುವಾಗಿದ್ದೇ ಈ ಬರಪರಿಹಾರದ ಕೂಲಿಯಿಂದ.

ಕೂಲಿ ಎಷ್ಟು ಅನ್ನೋದೇ ಜಗಳ. ವೈಸ್‌ರಾಯ್ ಲಿಟ್ಟನ್ ಕಳಿಸಿದ ಸರ್ ರಿಚರ್ಡ್ ಟೆಂಪಲ್ 1877ರ ಜನವರಿಯಲ್ಲಿ ಒಂದು ಲೆಕ್ಕ ಕಟ್ಟಿದರು: ದಿನವಿಡೀ ಮೈಮುರಿದು ದುಡಿಯೋ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಮೇಲೆ ಒಂದಾಣೆ. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಇದೇ ಟೆಂಪಲ್ ಸಾಹೇಬರು 1874ರ ಬಿಹಾರದ ಬರದಲ್ಲಿ ಧಾರಾಳವಾಗಿ ಖರ್ಚು ಮಾಡಿ ಬೈಸಿಕೊಂಡಿದ್ದರು. ಈ ಸಲ ಕೈ ಬಿಗಿ ಮಾಡಿದರು. (ಬಜೆಟ್ ಮೀರಿದ ಪ್ರಾಜೆಕ್ಟ್ ಆದಮೇಲೆ ಮುಂದಿನ ಪ್ರಾಜೆಕ್ಟ್‌ನಲ್ಲಿ ಮ್ಯಾನೇಜರ್ ಹೇಗಿರ್ತಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.)

ಒಂದು ಪೌಂಡ್ ಅಂದ್ರೆ 450 ಗ್ರಾಂ. ಅಕ್ಕಿ ಅಂತ ಹಿಡಿದರೆ ಹೆಚ್ಚುಕಮ್ಮಿ 1,600 ಕ್ಯಾಲೊರಿ. ಈ ಅಂಕಿ ನೆನಪಿಟ್ಟುಕೊಳ್ಳಿ.

ಇದನ್ನ ಎದುರಿಸಿದವರು ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ಡಬ್ಲ್ಯು. ಆರ್. ಕಾರ್ನಿಷ್. ಜೈಲಿನ ಕೈದಿಗೆ ಕೊಡೋದಕ್ಕಿಂತ ಕಡಿಮೆ ಕೊಟ್ಟು ಮಣ್ಣು ಹೊರಿಸ್ತೀರಲ್ಲ ಅನ್ನೋದು ಅವರ ವಾದ. ಕನಿಷ್ಠ ಒಂದೂವರೆ ಪೌಂಡ್ ಧಾನ್ಯ ಬೇಕು, ಜೊತೆಗೆ ಬೇಳೆ, ತರಕಾರಿ ಬೇಕು ಅಂದರು. ಮಾರ್ಚ್‌ನಲ್ಲಿ ಮದ್ರಾಸ್ ಸರ್ಕಾರ ಅರ್ಧ ದಾರಿ ಬಂತು: ಒಂದೂಕಾಲು ಪೌಂಡ್ ಧಾನ್ಯ, ಒಂದೂವರೆ ಔನ್ಸ್ ಬೇಳೆ. ಸರ್ಕಾರ ಒಬ್ಬ ಡಾಕ್ಟರ ಮಾತು ಕೇಳಿ ತಟ್ಟೆಗೆ ಒಂದು ಹಿಡಿ ಬೇಳೆ ಹಾಕಿದ್ದು ನನ್ನ ಕಣ್ಣಿಗೆ ಆ ವರ್ಷದ ದೊಡ್ಡ ಸುದ್ದಿ. ಆದರೆ ಅಷ್ಟರಲ್ಲಿ ತಡವಾಗಿತ್ತು.

ಹಸಿದ ಮೈಯೊಳಗೆ ಏನು ನಡೆಯುತ್ತೆ ಅಂತ ಅಳೆದು ನೋಡಿದ್ದು ಇನ್ನೂ ಸುಮಾರು 70 ವರ್ಷ ಕಳೆದ ಮೇಲೆ, ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ. ಎರಡನೇ ಮಹಾಯುದ್ಧದ ಕೊನೆ. ಹಸಿದ ಯೂರೋಪಿಗೆ ಹೇಗೆ ಉಣಿಸಬೇಕು ಅಂತ ಯಾರಿಗೂ ಖಾತ್ರಿ ಇರಲಿಲ್ಲ. ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ, ಯುದ್ಧಕ್ಕೆ ಹೋಗಲ್ಲ ಅಂದಿದ್ದ 36 ಯುವಕರನ್ನ ಅವರ ಒಪ್ಪಿಗೆಯಿಂದಲೇ 24 ವಾರ ಅರೆಹೊಟ್ಟೆಯಲ್ಲಿಟ್ಟರು. ಮೊದಲು ದಿನಕ್ಕೆ 3,200 ಕ್ಯಾಲೊರಿ ಆಸುಪಾಸಿನಲ್ಲಿ ತಿನ್ನುತ್ತಿದ್ದವರಿಗೆ ಈಗ ಸಿಕ್ಕಿದ್ದು ಸರಾಸರಿ 1,570. ಹೌದು, ಟೆಂಪಲ್ ಸಾಹೇಬರ ಅಕ್ಕಿಯ ಲೆಕ್ಕಕ್ಕೆ ಹತ್ತತ್ರ ಅಷ್ಟೇ. ಜೊತೆಗೆ ವಾರಕ್ಕೆ 22 ಮೈಲಿ ನಡಿಗೆ.

ಅವರ ತೂಕ ಕಾಲುಭಾಗ ಇಳಿಯಿತು. ಆದರೆ ಒಂದೇ ವೇಗದಲ್ಲಿ ಅಲ್ಲ. ಮೊದಲು ಜೋರಾಗಿ, ಆಮೇಲೆ ನಿಧಾನ, ಕೊನೆಯ ವಾರಗಳಲ್ಲಿ ಹೆಚ್ಚುಕಮ್ಮಿ ನಿಂತೇಹೋಯಿತು. ಸುಮ್ಮನೆ ಮಲಗಿದ್ದಾಗ ಮೈ ಸುಡೋ ಶಕ್ತಿಯೇ ಶೇ. 40ರಷ್ಟು ಕುಸಿದಿತ್ತು. ನಾಡಿಬಡಿತ ಇಳಿಯಿತು, ಬೇಸಿಗೆಯಲ್ಲೂ ಚಳಿ, ಹಗಲೂ ರಾತ್ರಿ ಊಟದ್ದೇ ಧ್ಯಾನ. ಸೊರಗಿದ ಮೈಗೆ ಕಡಿಮೆ ಸಾಕು ಅನ್ನೋದು ಇದರಲ್ಲಿ ಒಂದು ಪಾಲು. ಇನ್ನೊಂದು ಪಾಲು, ಉಳಿದ ಮೈಯೂ ಖರ್ಚಿಗೆ ಕತ್ತರಿ ಹಾಕಿದ್ದು. ಇನ್ನೊಂದು ವಿಷಯ ಇದೆ, ಅದು ನಮಗೆ ಮುಖ್ಯ: ಅವರ ಕಾಲು, ಮುಖ ನೀರು ತುಂಬಿ ಊದಿದ್ದವು. ಕೊಬ್ಬು ಕರಗಿದ ಲೆಕ್ಕವನ್ನ ಆ ನೀರು ತಕ್ಕಡಿಯಿಂದ ಮುಚ್ಚಿಟ್ಟಿತ್ತು.

ಚೇತರಿಕೆಯ ಹಂತದಲ್ಲಿ ನಾಲ್ಕು ಗುಂಪು ಮಾಡಿ ದಿನಕ್ಕೆ 400, 800, 1,200, 1,600 ಕ್ಯಾಲೊರಿ ಹೆಚ್ಚಿಗೆ ಕೊಟ್ಟರು. ಕೆಲವರಿಗೆ ವಿಟಮಿನ್ ಮಾತ್ರೆ, ಕೆಲವರಿಗೆ ಹೆಚ್ಚಿನ ಪ್ರೊಟೀನ್. ಮಾತ್ರೆ, ಪುಡಿಗಳಿಂದ ಹೇಳಿಕೊಳ್ಳೋ ವ್ಯತ್ಯಾಸ ಆಗಲಿಲ್ಲ. 400 ಸಿಕ್ಕ ಗುಂಪು ಚೇತರಿಸಿಕೊಳ್ಳಲೇ ಇಲ್ಲ ಅನ್ನಬಹುದು. ಕೊನೆಗೆ ಎಲ್ಲರಿಗೂ ಇನ್ನಷ್ಟು ಊಟ ಹೆಚ್ಚಿಸಬೇಕಾಯ್ತು. ಕಾರ್ನಿಷ್ ಕೇಳಿದ್ದೂ ಅದನ್ನೇ ತಾನೇ?

ಈಗ ನಿಮ್ಮ 1,200ಕ್ಕೆ ಬರೋಣ. ಈ ಅಂಕಿಯನ್ನ ಮನೆಮಾತು ಮಾಡಿದ್ದು ಲುಲು ಹಂಟ್ ಪೀಟರ್ಸ್ ಅನ್ನೋ ಅಮೆರಿಕದ ವೈದ್ಯೆ, 1918ರ ಒಂದು ಪುಸ್ತಕದಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕ ಬೇರೆ: ಕೂತು ಕೆಲಸ ಮಾಡೋ 65 ಕೆಜಿ ಗಂಡಸಿಗೆ 2,110, 55 ಕೆಜಿ ಹೆಂಗಸಿಗೆ 1,660. ಇದು ತೂಕ ಇಳಿಸೋಕಲ್ಲ, ಇರೋ ಹಾಗೆ ಇರೋಕೆ.

ಹಾಗಾದ್ರೆ ಜಾಸ್ತಿ ತಿಂದರೆ ಕೊಬ್ಬು ಕರಗುತ್ತಾ? ಇಲ್ಲ. ಅದು ಸುಳ್ಳು. 2017ರಲ್ಲಿ ಬಂದ ಆಸ್ಟ್ರೇಲಿಯಾದ ಮ್ಯಾಟಡೋರ್ ಅಧ್ಯಯನ ಹೇಳೋದು ಬೇರೆ: ಎರಡು ವಾರ ಡಯಟ್, ಎರಡು ವಾರ ಮೈಗೆ ಬೇಕಾದಷ್ಟು ಊಟ, ಹೀಗೆ ಬಿಟ್ಟು ಬಿಟ್ಟು ಮಾಡಿದ ಸ್ಥೂಲಕಾಯದ ಗಂಡಸರು, ಬಿಡದೆ ಡಯಟ್ ಮಾಡಿದವರಿಗಿಂತ ಹೆಚ್ಚು ಇಳಿದರು, 14 ಕೆಜಿ, ಅವರದ್ದು 9. ಆದರೆ ಮುಂದೆ ಕ್ರೀಡಾಪಟುಗಳ ಮೇಲೆ ಮಾಡಿದ ಇಂಥದ್ದೇ ಪ್ರಯೋಗದಲ್ಲಿ ಆ ಲಾಭ ಕಾಣಲಿಲ್ಲ. ಇನ್ನೊಂದು ಕಹಿ ಮಾತು: 1992ರ ಒಂದು ಅಧ್ಯಯನದಲ್ಲಿ, 1,200ಕ್ಕಿಂತ ಕಡಿಮೆ ತಿಂದ್ರೂ ಇಳೀತಿಲ್ಲ ಅಂದವರನ್ನ ಅಳೆದು ನೋಡಿದರೆ, ಅವರು ತಿಂದದ್ದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಲೆಕ್ಕದಲ್ಲೇ ಇರಲಿಲ್ಲ. ಆಫೀಸಿನ ಎರಡು ಟೀ, ವೀಕೆಂಡಿನ ಬಿರಿಯಾನಿ, ಗೊತ್ತಲ್ಲ. ಮೊದಲು ಒಂದು ವಾರ ಅಡುಗೆಮನೆ ತಕ್ಕಡಿ ಇಟ್ಟು ಸುಳ್ಳಿಲ್ಲದೆ ಬರೀರಿ.

ಬರೆದ ಮೇಲೂ 1,200ರಲ್ಲೇ ಇದ್ದು, ಚಳಿ, ಸುಸ್ತು, ನಿದ್ದೆ ಇಲ್ಲ, ಹೆಂಗಸರಿಗೆ ಮುಟ್ಟು ತಪ್ಪಿದೆ ಅಂದ್ರೆ ಅದು ಮಿನ್ನೆಸೋಟದ ದಾರಿ. ಡಾಕ್ಟರ ಹತ್ರ ಹೋಗಿ. ಸಕ್ಕರೆ ಕಾಯಿಲೆ ಇದ್ದವರಂತೂ ಊಟ ಬದಲಿಸೋಕೆ ಮುಂಚೆಯೇ ಕೇಳಿ. ಊಟ 500 ಕ್ಯಾಲೊರಿ ಏರಿಸೋದು ಅಂದ್ರೆ ಏನು ಮಹಾ ಅಲ್ಲ: 50 ಗ್ರಾಂ ಹಿಟ್ಟಿನ ರೊಟ್ಟಿ, 30 ಗ್ರಾಂ ಬೇಳೆ, ಎರಡು ಮೊಟ್ಟೆ, ಒಂದು ಬಟ್ಟಲು ಮೊಸರು. ಅನಕಾಪಲ್ಲಿ ಬೆಲ್ಲದಲ್ಲಿ ತುಂಬಿಸ್ತೀನಿ ಅಂದ್ರೆ 130 ಗ್ರಾಂ ಆಗುತ್ತೆ, ಅದು ಬೇಡ. ಬೆಲ್ಲ ರುಚಿಯೇ ಹೊರತು ಕ್ಯಾಲೊರಿ ಲೆಕ್ಕದಲ್ಲಿ ಸಕ್ಕರೆಯ ಅಣ್ಣತಮ್ಮ.

ಮೊದಲ ವಾರ ತೂಕ ಒಂದು ಕೆಜಿ ಏರಬಹುದು. ಒಂದು ಗ್ರಾಂ ಗ್ಲೈಕೊಜೆನ್ ತುಂಬಿಕೊಳ್ಳುವಾಗ ಸ್ನಾಯು ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತೆ, ಅಷ್ಟೇ. ಎರಡು ವಾರ ತಕ್ಕಡಿಯನ್ನ ಮಂಚದ ಕೆಳಗೆ ತಳ್ಳಿ, ಸೊಂಟಕ್ಕೆ ಟೇಪ್ ಹಿಡಿದು ನೋಡಿ.