ಓದಿದವರ ನಿದ್ದೆಗೆಟ್ಟ ಚರಿತ್ರೆ

ದಲಿತ ವಿಮರ್ಶೆ ಹಸಿವು, ಅವಮಾನ, ಸಿಟ್ಟುಗಳ ಬಗ್ಗೆ ಸಾಕಷ್ಟು ಮಾತಾಡಿದೆ. ಆದರೆ ರ‍್ಯಾಂಕು, ಫೆಲೋಶಿಪ್ಪು, ಪಿಎಚ್.ಡಿ. ಎಲ್ಲ ಗಳಿಸಿದ ಮೇಲೂ ಒಳಗೊಳಗೇ ಕುಸಿಯುವ ನಮ್ಮ ವಿದ್ವಾಂಸರ ಮನಸ್ಸಿನ ಬಗ್ಗೆ ಅದು ಆಡಿದ್ದು ಕಡಿಮೆ. 'ಇವರಿಗೆ ಓದು ತಡಕೊಳ್ಳೋ ತಾಕತ್ತಿಲ್ಲ' ಎಂದು ಮೇಲಿನವರು ಆಡಿಕೊಂಡಾರೆಂಬ ಅಳುಕು ನಮ್ಮದು. ಈ ನೋವಿಗೆ ಒಂದು ಚರಿತ್ರೆಯಿದೆ. ಅದಕ್ಕೆ ಕಂಡುಕೊಂಡ ಮದ್ದಿಗೂ ಚರಿತ್ರೆಯಿದೆ, ಅದು ನನ್ನ ಸೀಮೆಯದೇ.

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲೂ ಲಂಡನ್ನಿನಲ್ಲೂ ಓದಿದ ಅಂಬೇಡ್ಕರ್ 1917ರಲ್ಲಿ ಬರೋಡಾಕ್ಕೆ ನೌಕರಿಗೆ ಬಂದರು. ಅಷ್ಟು ಓದಿದವರಿಗೆ ಆ ಊರಲ್ಲಿ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರಿಟ್ಟುಕೊಂಡು ಪಾರ್ಸಿಗಳ ವಸತಿಗೃಹದಲ್ಲಿ ಉಳಿದರು. ಹನ್ನೊಂದನೆಯ ದಿನ ಬಡಿಗೆ ಹಿಡಿದು ಬಂದವರು ಅವರನ್ನು ಹೊರಗೆ ಹಾಕಿದರು. ಅಂದು ಸಾರ್ವಜನಿಕ ಉದ್ಯಾನದಲ್ಲಿ ತಾಸುಗಟ್ಟಲೆ ಕೂತು ತಂದೆತಾಯಿಯನ್ನು ನೆನೆದದ್ದನ್ನು ಅವರೇ ಬರೆದಿಟ್ಟಿದ್ದಾರೆ. ಮರುವರ್ಷ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರೆ, ಅಧ್ಯಾಪಕರ ನೀರಿನ ಕೊಡ ಮುಟ್ಟುವುದಕ್ಕೇ ಸಹೋದ್ಯೋಗಿಗಳ ತಕರಾರು. ಇದನ್ನು ಯಾವ ವೈದ್ಯ ಮನೋರೋಗವೆಂದಾನು?

ಈ ಬೇನೆಯ ಬೇರನ್ನು ಮೊದಲೇ ಗುರುತಿಸಿದ್ದವರು ಕೊಲ್ಹಾಪುರದ ಶಾಹೂ ಮಹಾರಾಜರು. ನಮ್ಮ ಪಾಲಬಾವಿಯವರು ಕಚೇರಿ ಕೆಲಸಕ್ಕೆ ಹೋಗುವ ರಾಯಬಾಗ ಆಗ ಅವರ ಸಂಸ್ಥಾನದಲ್ಲಿತ್ತು. 1902ರಲ್ಲಿ ಹಿಂದುಳಿದವರಿಗೆ ಅರ್ಧದಷ್ಟು ನೌಕರಿ ಮೀಸಲಿಟ್ಟ ಅವರು ಅಲ್ಲಿಗೇ ನಿಲ್ಲಲಿಲ್ಲ. 1908ರಲ್ಲಿ ಅಸ್ಪೃಶ್ಯ ಹುಡುಗರಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗ್ ಶುರುವಾಯಿತು. ಬೋರ್ಡಿಂಗ್ ಅಂದರೆ ಬರೀ ರೊಟ್ಟಿ, ಹಾಸಿಗೆ ಅಲ್ಲ. ಓದುವ ಹುಡುಗ ಅಲ್ಲಿ ಒಂಟಿಯಲ್ಲ. 1920ರ ಮಾರ್ಚಿನಲ್ಲಿ ಮಾಣಗಾವದ ಪರಿಷತ್ತಿಗೆ ಅಂಬೇಡ್ಕರ್ ಅಧ್ಯಕ್ಷರು. ಇವರೇ ನಿಮ್ಮ ನಾಯಕರೆಂದು ಶಾಹೂ ಅಲ್ಲಿ ಸಾರಿದರು. 1925ರಲ್ಲಿ ನಿಪ್ಪಾಣಿಯ ಪರಿಷತ್ತು. ಬರೋಡಾದಲ್ಲಿ ಕೋಣೆ ಸಿಗದವರಿಗೆ ಈ ಸೀಮೆಯಲ್ಲಿ ಜನ ಸಿಕ್ಕರು. ಇದನ್ನು ನಾನು ರಾಜಕೀಯದ ಚರಿತ್ರೆಯಾಗಿ ಓದುವಷ್ಟೇ ಚಿಕಿತ್ಸೆಯ ಚರಿತ್ರೆಯಾಗಿಯೂ ಓದುತ್ತೇನೆ.

ನಾನು ಸಂಶೋಧನೆಗೆಂದು ವಿಶ್ವವಿದ್ಯಾಲಯವೊಂದಕ್ಕೆ ಹೋದಾಗ ತಿಂಗಳುಗಟ್ಟಲೆ ನಿದ್ದೆ ಕೆಟ್ಟಿತ್ತು. 'ಚಿಂಚಲಿ ಮಾಯಕ್ಕಗ ಹೋಗಿ ಭಂಡಾರ ಹಚ್ಕೊಂಡ ಬಾರೊ ತಮ್ಮಾ, ಯಾರದರ ಕಣ್ಣ ಬಿದ್ದಿರಬೇಕ' ಅಂದಳು ಅವ್ವ. ಅಲ್ಲಿಯ ಆಪ್ತಸಲಹೆಗಾರರು ಉಸಿರಾಟದ ಅಭ್ಯಾಸ ಹೇಳಿಕೊಟ್ಟು, 'ನಿಮ್ಮ ಮೇಲೆ ನೀವೇ ಒತ್ತಡ ಹಾಕ್ಕೋತೀರಿ' ಅಂದರು. ನನ್ನ ಅಧ್ಯಾಯಗಳು ಗೈಡಿನ ಮೇಜಿನ ಮೇಲೆ ವರ್ಷಗಟ್ಟಲೆ ಹಾಗೇ ಬಿದ್ದಿದ್ದವು. ಅದನ್ನವರು ಕೇಳಲೇ ಇಲ್ಲ. ಕೆಡುಕು ಹೊರಗಿನಿಂದ ಬಂದದ್ದೆಂಬುದು ಶಾಲೆ ಕಾಣದ ಅವ್ವನಿಗಾದರೂ ಗೊತ್ತಿತ್ತು.

ಇದು ನನ್ನೊಬ್ಬನ ಗೋಳಲ್ಲ. ದೆಹಲಿಯ ಏಮ್ಸ್ ಕುರಿತ ಥೋರಟ್ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ಅಧ್ಯಾಪಕರಿಂದ ಸಾಕಷ್ಟು ಬೆಂಬಲ ಸಿಗುತ್ತಿಲ್ಲವೆಂದು ಪರಿಶಿಷ್ಟ ಜಾತಿ, ಪಂಗಡಗಳ ವಿದ್ಯಾರ್ಥಿಗಳಲ್ಲಿ ನೂರಕ್ಕೆ 69 ಮಂದಿ ಹೇಳಿದ್ದರು. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಸೆಂಥಿಲ್ ಕುಮಾರ್, 2016ರ ಜನವರಿ 17ರಂದು ರೋಹಿತ್ ವೇಮುಲ ಜೀವ ಕಳೆದುಕೊಂಡರು. ರೋಹಿತನಿಗೆ ಮೊದಲು ಫೆಲೋಶಿಪ್ಪಿನ ಹಣ ನಿಂತಿತು, ಆಮೇಲೆ ಹಾಸ್ಟೆಲ್ ಹೋಯಿತು. ಹೊರಹಾಕಿಸಿಕೊಂಡ ಐವರು ಆವರಣದಲ್ಲೇ ಡೇರೆ ಹಾಕಿ ಅದಕ್ಕೆ 'ವೆಲಿವಾಡ', ಅಂದರೆ ಹೊಲಗೇರಿ, ಎಂದು ಹೆಸರಿಟ್ಟರು. 1908ರಲ್ಲಿ ಒಬ್ಬ ಅರಸ ಮದ್ದೆಂದು ಕೊಟ್ಟದ್ದನ್ನೇ ನೂರು ವರ್ಷಗಳ ಮೇಲೆ ಒಂದು ವಿಶ್ವವಿದ್ಯಾಲಯ ಶಿಕ್ಷೆಯೆಂದು ಕಸಿದುಕೊಂಡಿತು.

ಹಾಗಂತ ನಾನು ಚಿಕಿತ್ಸೆಯ ವಿರೋಧಿಯಲ್ಲ. ಅಲ್ಜೀರಿಯಾದಲ್ಲಿ ಮನೋವೈದ್ಯನಾಗಿದ್ದ ಫ್ರಾಂಟ್ಜ್ ಫ್ಯಾನನ್, ವಸಾಹತುಶಾಹಿ ದಿನವೂ ಕೆಡಿಸುವ ಮನಸ್ಸನ್ನು ಆಸ್ಪತ್ರೆಯೊಂದೇ ಸರಿಪಡಿಸಲಾರದೆಂದು 1956ರಲ್ಲಿ ನೌಕರಿ ಬಿಟ್ಟ. ವೈದ್ಯನಿಗೆ ಆ ದಾರಿಯಿದ್ದೀತು. ನಿದ್ದೆಯಿಲ್ಲದೆ ಹೊರಳಾಡುವ ನಮ್ಮ ಹುಡುಗಿಗೆ, ಹುಡುಗನಿಗೆ ಇವತ್ತೇ ವೈದ್ಯ ಬೇಕು. ಧಾರವಾಡದಲ್ಲಿ ಡಿಮ್ಹಾನ್ಸ್, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇವೆ. 14416ಕ್ಕೆ ಫೋನು ಮಾಡಿದರೆ ಟೆಲಿ-ಮಾನಸ್‌ನವರು ಮಾತಾಡುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಜಾತಿಭೇದವಿಲ್ಲದ ಚಿಕಿತ್ಸೆಯನ್ನು ಹಕ್ಕೆಂದೇ ಹೇಳುತ್ತದೆ. ಅಲ್ಲಿಗೆ ಹೋಗುವುದು ಸೋಲಲ್ಲ, ನಾಚಿಕೆಯೂ ಅಲ್ಲ.

ಆದರೆ ಗೆಳೆಯರೆ, ಜಾತಿಯ ಹೆಸರೆತ್ತಲು ಹಿಂಜರಿಯುವ ಆಪ್ತಸಲಹೆ ಅರ್ಧ ಮದ್ದು. ಹೊತ್ತಿಗೆ ಬರುವ ಫೆಲೋಶಿಪ್ಪು, ಬಾಗಿಲು ಮುಚ್ಚದ ಹಾಸ್ಟೆಲು, ಅಧ್ಯಾಯ ಓದುವ ಗೈಡು, ಜೊತೆಗೆ ಕೂತು ಉಣ್ಣುವ ನಾಲ್ಕು ಜನ, ಇವು ಉಳಿದರ್ಧ. ಆ ಅರ್ಧವನ್ನು ಯಾವ ವೈದ್ಯನೂ ಬರೆದುಕೊಡಲಾರ. ಅದನ್ನು ನಾವು ಸಂಘಟನೆ ಕಟ್ಟಿಯೇ ಕೇಳಿ ಪಡೆಯಬೇಕು.