ಕಾರಾಗೃಹ ಆರೋಗ್ಯಸೇವೆಯಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್

ವೈದ್ಯರು ಬರೆದ ಔಷಧಗಳು ಒಂದಕ್ಕೊಂದು ಹೊಂದುತ್ತವೆಯೇ, ಪ್ರಮಾಣ ಸರಿಯೇ, ರೋಗಿ ಅವನ್ನು ನಿಜಕ್ಕೂ ನುಂಗುತ್ತಿದ್ದಾನೆಯೇ ಎಂದು ಪರಿಶೀಲಿಸಿ ಸಲಹೆ ಕೊಡುವವರು ಕ್ಲಿನಿಕಲ್ ಫಾರ್ಮಸಿಸ್ಟ್. ನಮ್ಮ ಜೈಲುಗಳಲ್ಲಿ ಔಷಧ ವಿತರಿಸುವ ಕೆಲಸ ಹಳೆಯದು. ಈ ಪರಿಶೀಲನೆ ಮಾತ್ರ ಇನ್ನೂ ಯಾರ ಪಾಲಿಗೂ ಸ್ಪಷ್ಟವಾಗಿ ಬಂದಿಲ್ಲ. ಬ್ರಿಟಿಷ್ ಭಾರತದ 1894ರ ಕಾರಾಗೃಹ ಕಾಯ್ದೆ ವೈದ್ಯಾಧಿಕಾರಿಯ ಕೈಕೆಳಗಿನವರಲ್ಲಿ ಅಪೋಥೆಕರಿಯನ್ನೂ ಹೆಸರಿಸಿತ್ತು. (ಆತ ಔಷಧ ಕೊಡುವವನಷ್ಟೇ ಅಲ್ಲ, ಕೆಳದರ್ಜೆಯ ವೈದ್ಯನೂ ಹೌದು.) 1948ರ ಫಾರ್ಮಸಿ ಕಾಯ್ದೆ ನೋಂದಾಯಿತ ಫಾರ್ಮಸಿಸ್ಟರಿಗೆ ಕಾನೂನಿನ ನೆಲೆ ಒದಗಿಸಿತು. ಆದರೂ ಜನರ ಬಾಯಲ್ಲಿ ಅವರು ಬಹುಕಾಲ ಕಾಂಪೌಂಡರ್ ಆಗಿಯೇ ಉಳಿದರು.

1996ರಲ್ಲಿ ಮೈಸೂರಿನ ಜೆಎಸ್‌ಎಸ್ ಫಾರ್ಮಸಿ ಕಾಲೇಜಿನಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟರನ್ನು ತಯಾರಿಸುವ ಫಾರ್ಮಸಿ ಪ್ರಾಕ್ಟೀಸ್ ಸ್ನಾತಕೋತ್ತರ ಶಿಕ್ಷಣ ಆರಂಭವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆಂಗಳೂರು ಕೇಂದ್ರ ಕಾರಾಗೃಹಕ್ಕೆ ಸಂಬಂಧಿಸಿದ ರಾಮಮೂರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜೈಲುಗಳ ಒಂಬತ್ತು ಸಮಸ್ಯೆಗಳನ್ನು ಗುರುತಿಸಿತು. ಆರೋಗ್ಯದ ಕಡೆಗಣನೆ ಅವುಗಳಲ್ಲೊಂದು. ಒಂದೇ ರಾಜ್ಯದ ಈ ಎರಡು ಬೆಳವಣಿಗೆಗಳು ಒಂದನ್ನೊಂದು ಮುಟ್ಟಲೇ ಇಲ್ಲ. 2008ರಲ್ಲಿ ಫಾರ್ಮ್‌.ಡಿ. (ಡಾಕ್ಟರ್ ಆಫ್ ಫಾರ್ಮಸಿ) ಪದವಿ ಬಂದ ಮೇಲೂ ಆ ಪದವೀಧರರ ತರಬೇತಿ ಆಸ್ಪತ್ರೆಯ ವಾರ್ಡುಗಳ ಸುತ್ತಲೇ ಉಳಿಯಿತು.

ವೈದ್ಯರಿರುವಾಗ ಇನ್ನೊಬ್ಬರೇಕೆ ಎಂಬ ಆಕ್ಷೇಪವಿದೆ. ಬೆಂಗಳೂರಿನ ಐದು ಸಾವಿರಕ್ಕೂ ಹೆಚ್ಚು ಕೈದಿಗಳನ್ನು ಕುರಿತ ನಿಮ್ಹಾನ್ಸ್ ಅಧ್ಯಯನ (2011) ಮಾನಸಿಕ ಕಾಯಿಲೆ ಮತ್ತು ವ್ಯಸನದ ವ್ಯಾಪ್ತಿಯನ್ನು ತೋರಿಸಿತು. ಇಂಥ ರೋಗಿಗಳ ಔಷಧಗಳು ನಾಜೂಕಿನವು. ಲಿಥಿಯಂ ಸೇವಿಸುವವನಿಗೆ ಮೈಕೈ ನೋವಿಗೆಂದು ಐಬುಪ್ರೊಫೇನ್ ಕೊಟ್ಟರೆ ರಕ್ತದಲ್ಲಿ ಲಿಥಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಬೇರೆ ಕಾಯಿಲೆಗಳಲ್ಲೂ ಹೀಗೆಯೇ: ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಎಚ್‌ಐವಿ ಔಷಧ ಡೊಲುಟೆಗ್ರಾವಿರ್‌ನ ಬಲ ಕುಗ್ಗಿಸುವುದರಿಂದ ಎರಡನೆಯದನ್ನು ದಿನಕ್ಕೆ ಎರಡು ಬಾರಿ ಕೊಡಬೇಕಾಗುತ್ತದೆ. ನೂರಾರು ಕೈದಿಗಳನ್ನು ನೋಡುವ ಒಬ್ಬ ವೈದ್ಯರಿಂದ ಪ್ರತಿ ಚೀಟಿಯಲ್ಲೂ ಇದನ್ನೆಲ್ಲ ನಿರೀಕ್ಷಿಸುವುದು ಅನ್ಯಾಯ. ಕೈಗೆ ಕೊಟ್ಟ ಮಾತ್ರೆ ಜೈಲಿನೊಳಗೆ ಮಾರಾಟವಾಗುತ್ತದೆ ಎಂಬ ಭಯವೂ ನಿಜವೇ. ಆದರೆ ಯಾವುದನ್ನು ಎದುರಿಗೇ ನುಂಗಿಸಬೇಕು, ಯಾವುದನ್ನು ಕೈದಿಯ ಬಳಿ ಬಿಡಬಹುದು ಎಂದು ವಿಂಗಡಿಸುವುದಕ್ಕೂ ಔಷಧ ಬಲ್ಲವರೇ ಬೇಕು. ಇಂಗ್ಲೆಂಡಿನಲ್ಲಿ 2003ರ ಸರ್ಕಾರಿ ವರದಿಯೊಂದು ಜೈಲು ಫಾರ್ಮಸಿಯನ್ನು ದಾಸ್ತಾನಿನಿಂದ ರೋಗಿಯತ್ತ ತಿರುಗಿಸಲು ಹೇಳಿತು. 2006ರ ಹೊತ್ತಿಗೆ ಅಲ್ಲಿನ ಸರ್ಕಾರಿ ಜೈಲುಗಳ ಆರೋಗ್ಯಸೇವೆ ರಾಷ್ಟ್ರೀಯ ಆರೋಗ್ಯ ಸೇವೆಯ ಹೊಣೆಯಾಯಿತು.

ಸಣ್ಣ ಜೈಲಿಗೆ ಇಂಥ ಫಾರ್ಮಸಿಸ್ಟರ ಹುದ್ದೆ ದುಬಾರಿ ಎಂಬ ವಾದ ಹೆಚ್ಚು ಗಟ್ಟಿ. ಬೀರೂರು, ಕಡೂರು, ತರೀಕೆರೆ ಸೀಮೆಯ ವಿಚಾರಣಾಧೀನ ಕೈದಿ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮನೆಯಲ್ಲೇ ಬಿಟ್ಟು ಚಿಕ್ಕಮಗಳೂರಿನ ಜಿಲ್ಲಾ ಕಾರಾಗೃಹ ಸೇರಿದರೆ, ಔಷಧ ತಪ್ಪುವುದು ಆ ಮೊದಲ ದಿನಗಳಲ್ಲೇ. ಅಲ್ಲಿಗೆ ಪೂರ್ಣಾವಧಿ ಹುದ್ದೆ ಬೇಕಿಲ್ಲ. ಜಿಲ್ಲಾಸ್ಪತ್ರೆಯ ಫಾರ್ಮಸಿಸ್ಟರೊಬ್ಬರು ವಾರಕ್ಕೊಮ್ಮೆ ಬಂದು ಹೊಸ ಕೈದಿಗಳ ಔಷಧಪಟ್ಟಿ ನೋಡುವ, ಉಳಿದ ದಿನ ಫೋನಿನಲ್ಲಿ ಸಲಹೆ ಕೊಡುವ ಏರ್ಪಾಡನ್ನು ಆರೋಗ್ಯ ಮತ್ತು ಕಾರಾಗೃಹ ಇಲಾಖೆಗಳು ಒಟ್ಟಾಗಿ ಮಾಡಬಹುದು.