ಅಂತರಧರ್ಮೀಯ ವಿವಾಹ: ಭಾರತದ ಕಾನೂನಿನಲ್ಲಿ ನಡೆದುಬಂದ ದಾರಿ

ಬೇರೆ ಬೇರೆ ಧರ್ಮದ ಗಂಡು ಹೆಣ್ಣಿನ ಮದುವೆಗೆ ಭಾರತದಲ್ಲಿ 1872ರಿಂದಲೇ ಕಾನೂನಿನ ಮಾನ್ಯತೆ ಇತ್ತೆಂಬ ಮಾತು ಹಲವು ಬರಹಗಳಲ್ಲಿ ಸಿಗುತ್ತದೆ. ಇದು ಪೂರ್ತಿ ಸರಿಯಲ್ಲ. ಆ ವರ್ಷದ 3ನೆಯ ಕಾಯ್ದೆಯಡಿ ಮದುವೆಯಾಗುವ ಇಬ್ಬರೂ ತಾವು ಹಿಂದೂ, ಮುಸ್ಲಿಂ, ಕ್ರೈಸ್ತ, ಯೆಹೂದಿ, ಪಾರ್ಸಿ, ಬೌದ್ಧ, ಸಿಖ್, ಜೈನ ಧರ್ಮಗಳಲ್ಲಿ ಯಾವುದಕ್ಕೂ ಸೇರಿದವರಲ್ಲ ಎಂದು ಬರೆದುಕೊಡಬೇಕಿತ್ತು. ಇಬ್ಬರಿಂದಲೂ ಧರ್ಮ ಬಿಡಿಸಿ ಮದುವೆ ಮಾಡಿಸುವ ಕಾನೂನನ್ನು ಅಂತರಧರ್ಮೀಯ ವಿವಾಹದ ಕಾನೂನೆಂದು ಕರೆಯುವುದು ಕಷ್ಟ.

ಈ ಷರತ್ತು ಹುಟ್ಟಿದ್ದು ಬ್ರಹ್ಮ ಸಮಾಜದ ಒಡಕಿನಿಂದ. ಕೇಶವಚಂದ್ರ ಸೇನರ ಬಣ ತನ್ನವರ ಮದುವೆಗಳಿಗೆ ಮಾನ್ಯತೆ ಕೇಳಿತು. ವೈಸರಾಯ್ ಮಂಡಳಿಯ ಕಾನೂನು ಸದಸ್ಯ ಹೆನ್ರಿ ಮೇನ್ 1868ರಲ್ಲಿ ತಂದ ವಿಶಾಲವಾದ ಮಸೂದೆಗೆ ಸಂಪ್ರದಾಯಸ್ಥರ ವಿರೋಧ ಬಂತು. ಬ್ರಹ್ಮರಿಗಷ್ಟೇ ಅನ್ವಯಿಸುವಂತೆ ಅದನ್ನು ಕಿರಿದಾಗಿಸಲು ಹೊರಟಾಗ, ದೇವೇಂದ್ರನಾಥ ಠಾಕೂರರ ಆದಿ ಬ್ರಹ್ಮ ಸಮಾಜ ತಾವು ಹಿಂದೂಗಳೇ ಎಂದು ಅಡ್ಡ ನಿಂತಿತು. ಕೊನೆಗೆ ಮೇನ್ ನಂತರ ಕಾನೂನು ಸದಸ್ಯರಾದ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಎಲ್ಲ ಧರ್ಮಗಳನ್ನೂ ನಿರಾಕರಿಸುವ ಹೇಳಿಕೆಯನ್ನೇ ಕಾಯ್ದೆಗೆ ಸೇರಿಸಿದರು. ಹೀಗಾಗಿ ಮತಾಂತರವೇ ರೂಢಿಯ ದಾರಿಯಾಗಿ ಉಳಿಯಿತು. 1918ರಲ್ಲಿ ಪಾರ್ಸಿ ಮನೆತನದ ರತನ್‌ಬಾಯಿ ಪೆಟಿಟ್ ಇಸ್ಲಾಂ ಸ್ವೀಕರಿಸಿಯೇ ಮಹಮ್ಮದಾಲಿ ಜಿನ್ನಾರನ್ನು ವರಿಸಿದರು.

ಕೇಂದ್ರ ಶಾಸನಸಭೆಯ ಸದಸ್ಯ ಹರಿಸಿಂಗ್ ಗೌರ್ ಅವರ ಯತ್ನದಿಂದ ಬಂದ 1923ರ ತಿದ್ದುಪಡಿಯು ಹಿಂದೂ, ಬೌದ್ಧ, ಸಿಖ್, ಜೈನರು ಧರ್ಮ ಬಿಡದೆ ಪರಸ್ಪರ ಮದುವೆಯಾಗಲು ಅವಕಾಶ ಕೊಟ್ಟಿತು. ಅದಕ್ಕೆ ತೆತ್ತ ಬೆಲೆ ದೊಡ್ಡದು. ಹಾಗೆ ಮದುವೆಯಾದವನು ಅವಿಭಕ್ತ ಕುಟುಂಬದಿಂದ ಬೇರೆಯಾದನೆಂದೇ ಲೆಕ್ಕ. ಅವನಿಗೆ ದತ್ತು ಪಡೆಯುವ ಹಕ್ಕಿಲ್ಲ. ಬೇರೆ ಗಂಡುಮಕ್ಕಳಿಲ್ಲದಿದ್ದರೆ ಅವನ ತಂದೆ ಮಾತ್ರ ಇನ್ನೊಬ್ಬನನ್ನು ದತ್ತು ತೆಗೆದುಕೊಳ್ಳಬಹುದು. ಮಗ ಬದುಕಿರುವಾಗಲೇ ಅವನ ಜಾಗ ತುಂಬಲು ಕಾನೂನು ಒಪ್ಪಿತ್ತು. ಈ ಕಲಮನ್ನು ಇತಿಹಾಸಗಳು ಇನ್ನಷ್ಟು ಗಮನಿಸಬೇಕು.

1955ರ ಜನವರಿ 1ರಂದು ಜಾರಿಯಾದ, 1954ರ ವಿಶೇಷ ವಿವಾಹ ಕಾಯ್ದೆ ಧರ್ಮ ಬಿಡುವ ಷರತ್ತನ್ನು ಕೈಬಿಟ್ಟಿತು. ಕುಟುಂಬದಿಂದ ಬೇರ್ಪಡುವ ನಿಯಮ ಮಾತ್ರ 19ನೆಯ ಸೆಕ್ಷನ್ನಿನಲ್ಲಿ ಉಳಿಯಿತು. 1976ರ ತಿದ್ದುಪಡಿಯು ಹಿಂದೂ, ಬೌದ್ಧ, ಸಿಖ್, ಜೈನರ ನಡುವಿನ ಮದುವೆಗಳಿಗೆ ವಿನಾಯಿತಿ ಕೊಟ್ಟಿದ್ದರಿಂದ, ಈಗ ಅದರ ಭಾರ ಬೀಳುವುದು ಈ ನಾಲ್ಕು ಧರ್ಮಗಳಾಚೆಗೆ ಮದುವೆಯಾದವರ ಮೇಲೆ.

ಇನ್ನೊಂದು ತೊಡಕು ನೋಟಿಸ್. ವಧೂವರರ ಹೆಸರು, ವಯಸ್ಸು, ಉದ್ಯೋಗ, ವಿಳಾಸಗಳುಳ್ಳ ನೋಟಿಸನ್ನು ವಿವಾಹಾಧಿಕಾರಿ, ಎಂದರೆ ಕರ್ನಾಟಕದಲ್ಲಿ ಉಪನೋಂದಣಾಧಿಕಾರಿ, ಕಚೇರಿಯಲ್ಲಿ ಎದ್ದು ಕಾಣುವಂತೆ ಅಂಟಿಸಬೇಕು. ಆಕ್ಷೇಪಣೆಗೆ 30 ದಿನ ಕಾಯಬೇಕು. ಜೋಡಿಯಲ್ಲಿ ಒಬ್ಬರ ಕಾಯಂ ಮನೆ ಬೇರೆ ಜಿಲ್ಲೆಯಲ್ಲಿದ್ದರೆ ಅಲ್ಲಿಯ ಕಚೇರಿಗೂ ಪ್ರತಿ ಹೋಗುತ್ತದೆ. ಮನೆಯವರಿಗೆ ಹೆದರಿ ಊರು ಬಿಟ್ಟವರ ಸುದ್ದಿಯನ್ನು ಸರ್ಕಾರವೇ ಊರಿಗೆ ಮುಟ್ಟಿಸಿದಂತಾಗುತ್ತದೆ. ಜೋಡಿ ಬರೆದು ಕೇಳಿದರಷ್ಟೇ ನೋಟಿಸ್ ಪ್ರಕಟಿಸಬೇಕೆಂದು ಅಲಹಾಬಾದ್ ಹೈಕೋರ್ಟ್ 2021ರ ಜನವರಿಯಲ್ಲಿ ತೀರ್ಪಿತ್ತಿತು.

ಈ ನೋಟಿಸಿನಿಂದ ತಪ್ಪಿಸಿಕೊಳ್ಳಲು ಅನೇಕರು ಮತಾಂತರದ ದಾರಿ ಹಿಡಿಯುತ್ತಿದ್ದರು. ಹಲವು ರಾಜ್ಯಗಳ ಹೊಸ ಕಾಯ್ದೆಗಳು ಅದನ್ನೂ ಬಿಗಿ ಮಾಡಿದವು. ಕರ್ನಾಟಕದ 2022ರ ಕಾಯ್ದೆಯ ಪ್ರಕಾರ ಮತಾಂತರವಾಗುವವರು ಜಿಲ್ಲಾಡಳಿತಕ್ಕೆ 30 ದಿನ ಮೊದಲೇ ತಿಳಿಸಬೇಕು. ಅದನ್ನು ರದ್ದುಪಡಿಸಲು ರಾಜ್ಯ ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು.